ಬೀರಣ್ಣನ ಮಣ್ಣಿನ ದಂಡು

ಕಳೆದ ವಾರ ಬಬಲೇಶ್ವರದಲ್ಲಿ ನಮ್ಮ ಯಜಮಾನರ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ ತೊಳೆದ ಸ್ಟೀಲ್ ಬಟ್ಟಲುಗಳನ್ನು ಬೋರಲು ಹಾಕಿ ಬಿಸಿಲಿಗೆ ಬಿಟ್ಟಿದ್ದರು. ಮಜ್ಜಿಗೆಗೆ ಒಂದು ಬಟ್ಟಲು ಬೇಕಾಗಿ ಕೈ ಚಾಚಿದವಳು ಹಾಗೇ ನಿಂತುಬಿಟ್ಟೆ. ಯಾವುದನ್ನು ಎತ್ತಲಿ? ಯಾವುದರ ಕೆಳಗೆ ಆನೆ ಇದೆ, ಯಾವುದರ ಕೆಳಗೆ ಏನೂ ಇಲ್ಲ?

"ಯಾಕ್ರಿ ಅಕ್ಕಾರ, ಬಟ್ಟಲದ ಬುಡಕ ಚೇಳು ಕಂಡಿರೇನು?" ಎಂದು ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳು ಕೇಳಿದಳು. ನಾನು ನಕ್ಕು ಕೈಗೆ ಸಿಕ್ಕ ಬಟ್ಟಲನ್ನು ಎತ್ತಿಕೊಂಡೆ. ಕೆಳಗೆ ಒದ್ದೆ ಕಲ್ಲು ಮಾತ್ರ ಇತ್ತು.

ನನ್ನ ತಲೆ ಕೆಟ್ಟಿದೆ ಎಂದು ನೀವು ತೀರ್ಮಾನಿಸುವ ಮೊದಲು ನನ್ನ ಜೊತೆ ವಿಜಯಪುರದಲ್ಲಿರುವ ನಮ್ಮ ಅಣ್ಣನ ಮನೆಯ ಮಾಳಿಗೆಗೆ ಬನ್ನಿ. ಮೆಟ್ಟಿಲು ಸ್ವಲ್ಪ ಕಡಿದು, ನೋಡಿಕೊಂಡು ಹತ್ತಿ. ಅಣ್ಣ ಚಂದ್ರಶೇಖರನದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಕೆಳಗೆ ಅಂಗಡಿ, ನಡುವೆ ಮನೆ, ಮೇಲೆ ಒಂದೇ ದೊಡ್ಡ ಕೋಣೆ. ಆ ಕೋಣೆಯಲ್ಲಿ ನಾಲ್ಕು ಬಣ್ಣದ ಡಬ್ಬಿಗಳ ಮೇಲೆ ಒಂದು ಹೊಸ ಪ್ಲೈವುಡ್ ಬಾಗಿಲನ್ನು ಮಲಗಿಸಿದ್ದ. ಅದರ ಮೇಲೆ ಥರ್ಮಾಕೋಲಿನ ಗುಡ್ಡಗಳು, ನೀಲಿ ರೆಕ್ಸಿನ್ನಿನ ಹಳ್ಳ, ಪಾತ್ರೆ ಉಜ್ಜುವ ಹಸಿರು ಬ್ರಷ್ಷಿನ ಕೂದಲಿನಿಂದ ಮಾಡಿದ ಜಾಲಿ ಗಿಡಗಳು. ಪ್ರತಿ ಭಾನುವಾರ ಮಧ್ಯಾಹ್ನ ಅಲ್ಲಿ ಯುದ್ಧ.

ಬೆರಳುದ್ದದ ಗೊಂಬೆಗಳನ್ನು ಮೇಜಿನ ಮೇಲೆ ಇಟ್ಟು ಯುದ್ಧ ಆಡುವ ಈ ಆಟವನ್ನು ಅಣ್ಣ ಮೊಬೈಲಿನಲ್ಲಿ ನೋಡಿ ಕಲಿತ. ಅಸಲಿ ಗೊಂಬೆಗಳ ಬೆಲೆ ನೋಡಿದ ಅಣ್ಣನ ಹೆಂಡತಿ, ನಮ್ಮ ವೈನಿ, "ಇದರ ಬದಲಿ ಒಂದ ಖರೇ ಕುದುರಿ ತಗೋಬಹುದಲ್ರಿ" ಅಂದಳು. ಅಲ್ಲಿಗೆ ಆ ಆಸೆ ಸತ್ತಿತು. ಆಗ ಮುಂದೆ ಬಂದವನು ಬೀರಣ್ಣ.

ಬೀರಣ್ಣ ಅಣ್ಣನ ಸಾಲೆಯ ಗೆಳೆಯ, ಬಿಜ್ಜರಗಿಯವನು. ಅವರ ಅಪ್ಪ ಕುರಿ ಕಾಯ್ದವರು. ಹೊಲದಲ್ಲಿ ದ್ರಾಕ್ಷಿ ಬಂದ ಮೇಲೆ ಕುರಿ ಹೋದವು, ಬೀರಣ್ಣ ತಿಕೋಟಾದಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟ. ಎತ್ತರದ ಆಳು, ದೊಡ್ಡ ಗಂಟಲು. ಅವನು ಮೆಟ್ಟಿಲು ಹತ್ತುವ ಮೊದಲೇ ಅವನ ನಗು ಹತ್ತಿ ಬಂದಿರುತ್ತಿತ್ತು. ತಾನು ಮಾಡಲಾರದ್ದು ಜಗತ್ತಿನಲ್ಲಿ ಯಾವುದೂ ಇಲ್ಲ ಎಂಬುದು ಅವನ ಗಟ್ಟಿ ನಂಬಿಕೆ. "ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಾವರಿಗೆ ಕುದುರಿ ಏನ ದೊಡ್ಡ ಮಾತು?" ಎಂದು ಹೊಲದ ಎರೆ ಮಣ್ಣು ತಂದು ಮೊದಲ ದಂಡು ಕಟ್ಟಿದ. ಒಣಗಿದಾಗ ಎಲ್ಲ ಕುದುರೆಗಳೂ ನಡುವಿಗೆ ಬಿರುಕು ಬಿಟ್ಟವು. ಆಮೇಲೆ ಭೂತನಾಳ ಕೆರೆಯ ಅಂಚಿನಿಂದ ಜೇಡಿ ಮಣ್ಣು ತಂದು, ಅರಳೆ ಸೇರಿಸಿ ನಾದಿ, ನೆರಳಿನಲ್ಲಿ ಒಣಗಿಸಿದ. ಅವು ನಿಂತವು. ಕಾಲಾಳು, ಕುದುರೆ, ಆನೆ, ಎತ್ತಿನ ಮೇಲೆ ತೋಪು ಹೇರಿದವರು. ಒಂದು ಗೊಂಬೆ ಅಂದರೆ ಒಂದು ತುಕಡಿ.

ಬಣ್ಣ ಅಂಗಡಿಯಲ್ಲಿ ಉಳಿದದ್ದು. ಕಣ್ಣು ಬರೆಯುವ ಕೆಲಸ ನನ್ನದು. ಚಿತ್ರಕಲೆಯಲ್ಲಿ ನನಗೆ ಬಹುಮಾನ ಬಂದಿತ್ತು ಎಂದು ಯಾವಾಗಲೋ ಬಡಾಯಿ ಕೊಚ್ಚಿದ್ದರ ಫಲ. ಕಸಬರಿಗೆಯ ಕಡ್ಡಿಯನ್ನು ಅದ್ದಿ ಅದ್ದಿ ಚುಕ್ಕೆ ಇಟ್ಟೆ. ಒಬ್ಬ ಸೈನಿಕನ ಕಣ್ಣೂ ನೆಟ್ಟಗಾಗಲಿಲ್ಲ. ಬೀರಣ್ಣ ಒಂದು ಕಾಲಾಳನ್ನು ಎತ್ತಿ ಮುಖದ ಹತ್ತಿರ ಹಿಡಿದು, "ತಂಗೆವ್ವಾ, ನನ್ನ ದಂಡು ವೈರಿನ್ನ ನೋಡಾಂಗಿಲ್ಲ, ತನ್ನ ಮೂಗ ತಾನ ನೋಡಕೋತ ನಿಂತೈತಿ" ಅಂದ. ಎಲ್ಲರೂ ನಕ್ಕರು. ನಾನು ಸಿಟ್ಟಾಗಿ ಒಂದು ವಾರ ಮೇಲೆ ಹತ್ತಲಿಲ್ಲ. ಹಾಗೆ ಸಿಟ್ಟಾಗುವುದರಲ್ಲಿಯೂ ಒಂದು ಸುಖವಿತ್ತು, ಯಾಕೆಂದರೆ ಮುಂದಿನ ವಾರ ಬೀರಣ್ಣ ನನಗಾಗಿಯೇ ದ್ರಾಕ್ಷಿಯ ಪೆಟ್ಟಿಗೆ ಹೊತ್ತು ತರುತ್ತಾನೆ ಎಂದು ಗೊತ್ತಿತ್ತು.

ಬಟ್ಟಲಿನ ಕಥೆಗೆ ಬರುತ್ತೇನೆ. ನಿಜವಾದ ಯುದ್ಧದಲ್ಲಿ ಗುಡ್ಡದ ಹಿಂದಿನ ದಂಡು ಕಾಣುವುದಿಲ್ಲ. ಮೇಜಿನ ಮೇಲಾದರೆ ಎಲ್ಲವೂ ಕಣ್ಣೆದುರೇ ಇರುತ್ತದೆ. ಅದಕ್ಕಾಗಿ ಗುಡ್ಡದ ಹಿಂದೆ, ಗಿಡಗಳ ನಡುವೆ ಇರುವ ತುಕಡಿಗಳ ಮೇಲೆ ಬಟ್ಟಲು ಬೋರಲು ಹಾಕಬೇಕು. ಕೆಲವು ಖಾಲಿ ಬಟ್ಟಲುಗಳನ್ನೂ ಇಡಬಹುದು. ಒಬ್ಬನು ಇಡುವಾಗ ಇನ್ನೊಬ್ಬನು ಹೊರಗೆ ಹೋಗಿ ತಾರಸಿಯ ಗಚ್ಚಿನ ಮೇಲೆ ನಿಲ್ಲಬೇಕು. ಎದುರಾಳಿಯ ಸೈನಿಕನು ಒಂದು ಗೇಣಿನಷ್ಟು ಹತ್ತಿರ ಬಂದಾಗ ಮಾತ್ರ ಬಟ್ಟಲು ಎತ್ತುವುದು. ಯಾರು ಯಾರಿಗೆ ಕಾಣುತ್ತಾರೆ ಎಂಬ ಜಗಳ ಬಂದರೆ ಇಬ್ಬರು ದೊಡ್ಡ ಗಂಡಸರು ಬಾಗಿಲಿನ ಮೇಲೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಮಣ್ಣಿನ ಸೈನಿಕನ ನೋಟದಲ್ಲಿ ಗುಡ್ಡವನ್ನು ನೋಡುತ್ತಿದ್ದರು. ಚಹಾ ತಂದ ವೈನಿ ಆ ದೃಶ್ಯ ನೋಡಿ ತಟ್ಟೆ ಹಿಡಿದುಕೊಂಡೇ ತಿರುಗಿ ಹೋದದ್ದುಂಟು.

ಆಟದ ಪಂಚಾಯ್ತಿ ಮಾಡುವವಳೂ ವೈನಿಯೇ. ಎರಡೂ ಕಡೆಯವರು ಎಲ್ಲೆಲ್ಲಿ ಏನೇನು ಮುಚ್ಚಿಟ್ಟಿದ್ದಾರೆಂದು ನೋಡುವ ಹಕ್ಕು ಅವಳೊಬ್ಬಳಿಗೇ. ನೋಡಿದ ಮೇಲೆ ಅವಳ ಬಾಯಿಂದ ಒಂದಕ್ಷರವೂ ಹೊರಡುತ್ತಿರಲಿಲ್ಲ. ಆಟ ಮುಗಿಯುವವರೆಗೂ ಮೇಜಿನ ಕಡೆಗೇ ಕಣ್ಣು ಹಾಯಿಸುತ್ತಿರಲಿಲ್ಲ, ಎಲ್ಲಿ ನೋಟ ಗುಟ್ಟು ಬಿಟ್ಟುಕೊಡುತ್ತದೋ ಎಂದು. ಕಟ್ಟಿಕೊಂಡ ಗಂಡನಿಗೂ ಒಂದು ಸುಳಿವು ಕೊಡುವುದಿಲ್ಲ ಎಂದು ಅಣ್ಣ ಗೊಣಗುತ್ತಿದ್ದ, ಆದರೆ ಅದರಲ್ಲಿ ಅಭಿಮಾನವೇ ಹೆಚ್ಚು.

ನಿಯಮಗಳ ವಿಷಯದಲ್ಲಿ ಅಣ್ಣ ಬಹಳ ಖಡಕ್ಕು. ಅವುಗಳಲ್ಲಿ ಒಂದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ನನಗೆ ಇಂದಿಗೂ ಬಾಯಿಪಾಠ. "ಎಲ್ಲಿ ಅದಾವ ಅನ್ನೂದು ನಿನ್ನ ಗುಟ್ಟು. ಎಷ್ಟ ಅದಾವ ಅನ್ನೂದು ಗುಟ್ಟಲ್ಲ, ಕೇಳಿದ್ರ ಹೇಳಬೇಕು." ಸರಿಯಾದ ಮಾತೇ. ತುಕಡಿ ಎಷ್ಟೆಂದು ಗೊತ್ತಿರದಿದ್ದರೆ ಯಾರಾದರೂ ಆಟದ ನಡುವೆ ಕಿಸೆಯಿಂದ ಇನ್ನೊಂದು ಕುದುರೆ ತೆಗೆದು ಬಟ್ಟಲಿನ ಕೆಳಗೆ ತೂರಿಸಬಹುದು. ಆದ್ದರಿಂದ ಆಟಗಾರನು ತನ್ನ ಬಾಯಿಂದಲೇ, ಕೇಳಿದಾಗಲೆಲ್ಲ, ಒಟ್ಟು ಸಂಖ್ಯೆ ಹೇಳಬೇಕು.

ಬೀರಣ್ಣ ಹೇಳುತ್ತಿರಲಿಲ್ಲ.

ಅದೂ ಎಂಥ ಮನುಷ್ಯ! ಮುಚ್ಚಿಡಬೇಕಾದ ಗುಟ್ಟೆಲ್ಲವನ್ನೂ ತಾನಾಗಿ ಹೊರಗೆ ಹಾಕುವವನು. "ಆ ಗುಡ್ಡದ ಹಿಂದ ಆನಿ ಐತಿ ನೋಡಪಾ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ" ಎನ್ನುತ್ತಿದ್ದ. ಅಣ್ಣ ಅದನ್ನು ಬಡಾಯಿ ಎಂದುಕೊಂಡು ನುಗ್ಗುತ್ತಿದ್ದ, ಅಲ್ಲಿ ಆನೆಯೇ ಇರುತ್ತಿತ್ತು. ಎಣಿಕೆ ಕೇಳಿದರೆ ಮಾತ್ರ ಅವನ ಬಾಯಿ ಮುಚ್ಚುತ್ತಿತ್ತು. ಅವರ ಅಪ್ಪ ಎಂದೂ ಕುರಿಗಳ ಎಣಿಕೆ ಹೇಳಿದವರಲ್ಲ. ದಾರಿಯಲ್ಲಿ ಯಾರಾದರೂ "ಎಷ್ಟ ಅದಾವ ಕುರಿ?" ಎಂದರೆ "ಅದಾವ, ಹಿಂಡ ಐತಿ" ಎಂದು ಮುಂದೆ ನಡೆಯುತ್ತಿದ್ದರಂತೆ. ಎಣಿಸಿ ಹೇಳಿದ ಹಿಂಡು ಉಳಿಯುವುದಿಲ್ಲ ಎಂಬುದು ಅವರ ಮನೆಯ ನಂಬಿಕೆ. ಸಂಜೆ ಹಟ್ಟಿಗೆ ಬಿಡುವಾಗ ಒಂದೊಂದನ್ನೂ ಮೊಣಕಾಲಿಗೆ ತಾಗಿಸಿಕೊಂಡು ಒಳಗೆ ಬಿಡುತ್ತಿದ್ದರು. ಒಂದು ಕಡಿಮೆಯಾದರೆ ಯಾವುದು ಎಂದು ಗೊತ್ತಾಗುತ್ತಿತ್ತು, ಎಷ್ಟು ಎಂಬ ಮಾತೇ ಬೇಕಿರಲಿಲ್ಲ.

ಇದನ್ನು ಕೇಳಿ ನಗಬೇಡಿ. ಉಣ್ಣುವವರ ಮುಂದೆ ರೊಟ್ಟಿ ಎಣಿಸಿದರೆ ನಮ್ಮ ಅವ್ವ ಕೈ ಮೇಲೆ ಹೊಡೆಯುತ್ತಿದ್ದಳು. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದನ್ನು ನೀವೂ ಕೇಳಿದ್ದೀರಿ. ನಮ್ಮೆಲ್ಲರಲ್ಲೂ ಎಣಿಸಬಾರದ್ದು ಒಂದೊಂದು ಇದ್ದೇ ಇದೆ. ಬೀರಣ್ಣನಿಗೆ ಅದು ಮಣ್ಣಿನ ದಂಡಿನವರೆಗೂ ಬಂದಿತ್ತು, ಅಷ್ಟೇ. "ನಾ ಮಾಡಿದ ಜೀವ ಅಲ್ಲೇನು ಇವು?" ಎಂದು ಕೇಳುತ್ತಿದ್ದ.

ಅಣ್ಣ ಮತ್ತು ಬೀರಣ್ಣ ಸೇರಿ ಇದಕ್ಕೊಂದು ಹಾದಿ ಮಾಡಿಕೊಂಡಿದ್ದರು. ಆಟ ಶುರುವಾಗುವ ಮೊದಲು, ಬಟ್ಟಲು ಮುಚ್ಚುವ ಮೊದಲು, ಬೀರಣ್ಣ ತನ್ನ ದಂಡಿನ ತಟ್ಟೆಯನ್ನು ಅಣ್ಣನ ಮುಂದೆ ಚಾಚಿ ತಾನು ಕಿಟಕಿಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ. "ನೋಡ್ಕೋ." ಅಣ್ಣ ತಟ್ಟೆಯ ಮೇಲೆ ಬಾಗಿ ತುಟಿ ಆಡಿಸುತ್ತಿದ್ದ. ಕೊನೆಗೆ "ಆತು" ಎನ್ನುತ್ತಿದ್ದ. ಸಂಖ್ಯೆ ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಬರೆದ ನಿಯಮ ಅಲ್ಲಿ ಸ್ವಲ್ಪ ಬಾಗುತ್ತಿತ್ತು, ಆಟ ನಡೆಯುತ್ತಿತ್ತು. ಎಷ್ಟೋ ವರ್ಷ ಹಾಗೆಯೇ ನಡೆಯಿತು. ಆ ಭಾನುವಾರಗಳನ್ನು ನೆನೆದರೆ ಈಗಲೂ ನನಗೆ ಟರ್ಪಂಟೈನಿನ ವಾಸನೆ ಬರುತ್ತದೆ.

ಅಣ್ಣನಿಗೆ ಒಂದು ದೊಡ್ಡ ಆಸೆ ಹುಟ್ಟದೇ ಇದ್ದಿದ್ದರೆ ಇನ್ನೂ ನಡೆಯುತ್ತಿತ್ತೇನೋ. ಊರಿನ ಬೇರೆಯವರೂ ಬಂದು ಆಡಲಿ ಎಂದು ಅವನು ನಾಲ್ಕು ಮಂದಿಗೆ ಹೇಳಿದ. ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ. ಹಾಗೆ ಬಂದವರಲ್ಲಿ ಪ್ರಸಾದ ಎಂಬುವರು ಒಬ್ಬರು. ಧಾರವಾಡದಿಂದ ವರ್ಗವಾಗಿ ಬಂದ ಎಂಜಿನಿಯರು, ಸಭ್ಯ ಮನುಷ್ಯ, ಅಸಲಿ ಗೊಂಬೆಗಳಿಂದ ಆಡಿ ಬಲ್ಲವರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ದಿನ ಆಟ ಬೀರಣ್ಣನಿಗೂ ಪ್ರಸಾದರಿಗೂ. ಕೋಣೆಯ ತುಂಬ ಹೊಸ ಮುಖಗಳು. ಪ್ರಸಾದರು ಗಚ್ಚಿನ ಮೇಲೆ ಹೋದಾಗ ಬೀರಣ್ಣ ಎಂದಿನಂತೆ ತಟ್ಟೆ ಚಾಚಿದ, ಕಿಟಕಿಯ ಕಡೆ ತಿರುಗಿದ. ಅಣ್ಣ ತುಟಿ ಆಡಿಸಿದ, "ಆತು" ಅಂದ. ವೈನಿ ನಿಂತು ನೋಡುತ್ತಿರುವಾಗ ಬೀರಣ್ಣ ದಂಡನ್ನು ಹರಡಿ ಬಟ್ಟಲು ಮುಚ್ಚಿದ. ಆಟ ಅರ್ಧಕ್ಕೆ ಬಂದಿತ್ತು. ಪ್ರಸಾದರ ಎರಡು ತುಕಡಿ ಹೋಗಿದ್ದವು. ಅವರು ತಲೆ ಕೆರೆದುಕೊಂಡು, ಮರ್ಯಾದೆಯಿಂದಲೇ ಕೇಳಿದರು.

"ನಿಮ್ಮವು ಒಟ್ಟು ಎಷ್ಟು ತುಕಡಿ ಅದಾವ್ರಿ?"

"ಅದಾವ್ರಿ" ಎಂದ ಬೀರಣ್ಣ.

"ಎಷ್ಟು ಅಂದೆ."

"ಬೇಕಾದ್ರ ಈ ಹಳ್ಳದ ಬಾಜೂಕಿನ ಬಟ್ಟಲದಾಗ ತೋಪು ಐತಿ, ಹೇಳತೇನಿ ತಗೋರಿ. ಎಣಿಕಿ ಮಾತ್ರ ಕೇಳಬ್ಯಾಡ್ರಿ."

ಪ್ರಸಾದರು ನಕ್ಕರು. "ಕೇಳಬಾರದ್ದನ್ನ ಹೇಳ್ತೀರಿ, ಹೇಳಬೇಕಾದ್ದನ್ನ ಹೇಳಂಗಿಲ್ಲ. ಇದೆಂಥಾ ಆಟರಿ?" ಎಂದು ಗೋಡೆಯ ಮೇಲಿನ ನಿಯಮದ ಕಡೆ ಬೆರಳು ತೋರಿಸಿದರು. ಅವರ ಹಿಂದೆ ನಿಂತಿದ್ದ ಯಾರೋ, "ಹೇಳಾಂಗಿಲ್ಲ ಅಂದ್ರ ಏನೋ ಐತಿ" ಅಂದರು.

ಎಲ್ಲರೂ ಅಣ್ಣನ ಕಡೆ ನೋಡಿದರು. ಅಣ್ಣ ಗೋಡೆಯ ಕಡೆ ನೋಡಿದ. ನನಗೆ ಅವನ ಕುತ್ತಿಗೆ ಕೆಂಪಾದದ್ದು ಕಂಡಿತು.

"ಬೀರ್ಯಾ, ಹೇಳಿಬಿಡಪಾ" ಅಂದ. "ನಿಯಮ ಐತಿ."

ಬೀರಣ್ಣ ಅವನನ್ನೇ ನೋಡುತ್ತ ನಿಂತ. ಏನಾದರೂ ಹೇಳುತ್ತಾನೆಂದು ಕಾಯುವವನ ಹಾಗೆ ನೋಡಿದ. ಅಣ್ಣನ ಕಣ್ಣು ಗೋಡೆ ಬಿಟ್ಟು ಅಲುಗಲಿಲ್ಲ. ಆಗ, ಆವರೆಗೆ ಒಂದೇ ಒಂದು ಆಟದಲ್ಲೂ ನಡುವೆ ಬಾಯಿ ತೆರೆಯದಿದ್ದ ವೈನಿ, ತಡೆಯಲಾರದೆ ಸಂಖ್ಯೆ ಹೇಳಿಬಿಟ್ಟಳು. "ಇಷ್ಟ ಅದಾವ್ರಿ. ನಾ ನೋಡೇನಿ. ಹೆಚ್ಚಿಲ್ಲ, ಕಡಿಮಿ ಇಲ್ಲ. ಮುಂದ ಆಡ್ರಿ." ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀವೂ ಕೇಳಬೇಡಿ.

ಪ್ರಸಾದರು ತಕ್ಷಣ ಕೈ ಮುಗಿದರು, ತಪ್ಪು ತಿಳಿಯಬೇಡಿ ಅಂದರು. ಬೀರಣ್ಣ ನಕ್ಕ. ಆಟವನ್ನು ಪೂರ್ತಿ ಆಡಿದ, ಗೆದ್ದ ಕೂಡ. ವೈನಿಗೆ "ಚಾ ಛಲೋ ಆಗಿತ್ತವಾ" ಎಂದು ಹೇಳಿ ಇಳಿದು ಹೋದ. ತಟ್ಟೆ ಮೇಜಿನ ಮೇಲೆಯೇ ಉಳಿಯಿತು. ಮುಂದಿನ ಭಾನುವಾರ ಅಂಗಡಿಗೆ ಸಾಮಾನು ಬರುವುದಿತ್ತು. ಅದರ ಮುಂದಿನ ವಾರ ದ್ರಾಕ್ಷಿಯ ಚಾಟಣಿ, ಬಳ್ಳಿ ಕತ್ತರಿಸುವ ಕೆಲಸ. ಆಮೇಲೆ ಮಣೂಕದ, ಅಂದರೆ ಒಣದ್ರಾಕ್ಷಿಯ ಕಾಲ, ಹಣ್ಣು ಒಣಗಿಸುವ ಶೆಡ್ಡು ಬಿಟ್ಟು ಬರುವಂತಿರಲಿಲ್ಲ. ಒಂದೊಂದು ಕಾರಣವೂ ಖರೆಯೇ. ಕಾರಣಗಳೆಲ್ಲ ಖರೆ ಇದ್ದಾಗ ಯಾರ ಮೇಲೂ ಜಗಳ ತೆಗೆಯಲು ಬರುವುದಿಲ್ಲ.

ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದೇ ಅವನಿಗೆ ನಾಟಿತು ಎಂದು ನಾವೆಲ್ಲ ನಂಬಿದೆವು. ವೈನಿ ಅಂತೂ ಎಷ್ಟು ಹಳಹಳಿಸಿದಳೆಂದರೆ, "ನಾ ಸುಮ್ಮ ನಿಂತಿದ್ರ ಆಗ್ತಿತ್ತವಾ" ಎಂಬ ಮಾತನ್ನು ಚಪಾತಿ ಲಟ್ಟಿಸುತ್ತಲೂ ಹೇಳಿಕೊಳ್ಳುತ್ತಿದ್ದಳು. ಪ್ರಸಾದರಿಗೆ ವರ್ಗವಾಯಿತು. ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು. ಮೇಜಾಗಿದ್ದ ಬಾಗಿಲನ್ನು ಅಣ್ಣ ಒಂದು ದಿನ ಗಿರಾಕಿಗೆ ಮಾರಿಬಿಟ್ಟ. ಅದು ಈಗ ಯಾರದೋ ಬಚ್ಚಲಿನ ಬಾಗಿಲಾಗಿರಬೇಕು. ಅಣ್ಣ ಮತ್ತು ಬೀರಣ್ಣ ಮದುವೆ ಮುಂಜಿಗಳಲ್ಲಿ ಭೇಟಿಯಾದರೆ ಮಳೆ, ಧಾರಣೆ, ಮಕ್ಕಳು ಎಂದು ಎಲ್ಲ ಮಾತಾಡುತ್ತಾರೆ. ಮಣ್ಣಿನ ದಂಡಿನ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಬಬಲೇಶ್ವರದ ಹಿತ್ತಲಿನಲ್ಲಿ ನಿಂತು ಇಷ್ಟೆಲ್ಲ ನೆನಪಾಯಿತು. ಬರುವಾಗ ಯಜಮಾನರಿಗೆ ಹೇಳಿ ಕಾರನ್ನು ತಿಕೋಟಾದ ಮೇಲಿಂದ ತಿರುಗಿಸಿದೆ. ಬೀರಣ್ಣ ಅಂಗಡಿಯಲ್ಲಿಯೇ ಇದ್ದ. ಕೂದಲು ಬೆಳ್ಳಗಾಗಿದೆ, ಗಂಟಲು ಹಾಗೆಯೇ ಇದೆ. "ಬಾ ತಂಗೆವ್ವಾ" ಎಂದು ಗ್ರೀಸಿನ ಡಬ್ಬಿ ಸರಿಸಿ ಸ್ಟೂಲು ಹಾಕಿದ, ಚಹಾ ತರಿಸಿದ. ಎಲ್ಲರ ಆರೋಗ್ಯ ಕೇಳಿದ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಬೀರಣ್ಣಾ, ವೈನಿ ಎಣಿಕಿ ಹೇಳಿದ್ದು ಇನ್ನೂ ಮನಸಿನಾಗ ಐತೇನು? ಆಕಿ ಇನ್ನೂ ಕೊರಗಾಕತ್ಯಾಳ."

ಅವನಿಗೆ ಆಶ್ಚರ್ಯವಾಯಿತು. "ಯಪ್ಪಾ! ಆಕಿ ಯಾಕ ಕೊರಗತಾಳ? ಆಕಿ ನನ್ನ ಮಾನ ಉಳಿಸಿದಾಕಿ. ಎಣಿಕಿದ ಏನೈತಿ, ಮಣ್ಣಿನವು. ನಮ್ಮಪ್ಪನ ಕುರಿನ ಉಳಿಲಿಲ್ಲ." ಚಹಾದ ಕಪ್ಪನ್ನು ಕೈಯಲ್ಲಿ ತಿರುಗಿಸಿದ. "ಚಂದ್ರ್ಯಾ ನೋಡಿದ್ದ, ತಂಗಿ. ಅವತ್ತೂ ತಾಟು ಹಿಡಿದಿದ್ದೆ, ಎಣಿಸಿಕೊಂಡು ಆತು ಅಂದಿದ್ದ. ಅಷ್ಟ ಮಂದ್ಯಾಗ ಕಳ್ಳನಂಗ ನಿಂತಾಗ 'ನಾ ನೋಡೇನಿ, ಸರಿ ಅದಾವ' ಅಂತ ಒಂದ ಮಾತ ಅಂದಿದ್ರ ಸಾಕಿತ್ತು. ಅವ ಗ್ವಾಡಿ ನೋಡಿದ. ಹೊರಗಿನಿಂದ ಬಂದ ಹೆಣ್ಣಮಗಳು ಅಂದಳು ಆ ಮಾತು, ಸಾಲ್ಯಾಗ ಒಂದ ಪಾಟಿ ಮ್ಯಾಲ ಬರದಾವ ಅನಲಿಲ್ಲ."

ಅದರಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. ದಾರಿಯುದ್ದಕ್ಕೂ ಅಣ್ಣನ ಮೇಲೆ ಸಿಟ್ಟು ಏರಿಸಿಕೊಂಡೇ ಬಂದೆ. ವಿಜಯಪುರ ಮುಟ್ಟಿದ ಕೂಡಲೇ ನೇರವಾಗಿ ಅಣ್ಣನ ಅಂಗಡಿಗೆ ಹೋದೆ. ವೈನಿಯೂ ದುಡ್ಡಿನ ಗಲ್ಲೆಯ ಮುಂದೆ ಕೂತಿದ್ದಳು. ಬೀರಣ್ಣನ ಮಾತನ್ನು ಒಂದೂ ಬಿಡದೆ ಹೇಳಿ, "ನೀ ಎಣಿಸಿದ್ದಿ. ಯಾಕ ಅನಲಿಲ್ಲ?" ಎಂದು ಕೇಳಿದೆ.

ಅಣ್ಣ ಬಣ್ಣ ಕಲಸುವ ಕೋಲನ್ನು ಒರೆಸತೊಡಗಿದ. ಅದು ಸ್ವಚ್ಛವಾಗಿಯೇ ಇತ್ತು.

"ನಾ ಎಣಿಸಿರಲಿಲ್ಲ" ಅಂದ.

"ತುಟಿ ಆಡಸ್ತಿದ್ರಲ್ರಿ?" ಎಂದಳು ವೈನಿ.

"ತುಟಿ ಆಡಸ್ತಿದ್ದೆ. ಅವಂಗ ಸಮಾಧಾನ ಆಗಲಿ ಅಂತ. ಮೊದಲಿಗೆ ಒಂದ ಸಲ ಎಣಿಸಿದೆ, ನನಗ ನಾಚಿಕಿ ಬಂತು. ಬೀರ್ಯಾನ ದಂಡು ಎಣಿಸಿ ನಾ ಏನ ನೋಡಬೇಕಾಗಿತ್ತು? ಆಮ್ಯಾಲ ಎಂದೂ ಎಣಿಸಲಿಲ್ಲ." ಕೋಲನ್ನು ಡಬ್ಬಿಯ ಮೇಲೆ ಇಟ್ಟ. "ಅವತ್ತು 'ನಾ ನೋಡೇನಿ' ಅಂದಿದ್ರ ಸುಳ್ಳಾಗ್ತಿತ್ತು. ನಾನ ಗ್ವಾಡಿಗೆ ಹಚ್ಚಿದ ನಿಯಮದ ಬುಡಕ ನಿಂತು ಸುಳ್ಳ ಹೆಂಗ ಹೇಳಲಿ? ಎಣಿಸಿಲ್ಲ ಅಂತ ಖರೇ ಹೇಳಿದ್ರ ಅವನ ಮ್ಯಾಲ ಇನ್ನಷ್ಟ ಸಂಶಯ ಬರ್ತಿತ್ತು. ಏನೂ ತಿಳೀಲಿಲ್ಲ ನನಗ."

ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಂಬಿದ್ದಕ್ಕೇ ಎಣಿಸಲಿಲ್ಲ, ಎಣಿಸದ್ದಕ್ಕೇ ಪರವಹಿಸಿ ಮಾತಾಡಲು ಬರಲಿಲ್ಲ. ಇಷ್ಟು ವರ್ಷ ಒಬ್ಬನು ಟ್ರ್ಯಾಕ್ಟರಿನ ಬೋಲ್ಟುಗಳ ನಡುವೆ, ಇನ್ನೊಬ್ಬನು ಬಣ್ಣದ ಡಬ್ಬಿಗಳ ನಡುವೆ ಇದನ್ನೇ ನುಂಗಿಕೊಂಡು ಕೂತಿದ್ದರು. ನಾನು ಮೊಬೈಲು ತೆಗೆದೆ. ಬೀರಣ್ಣನಿಗೆ ಆಗಲೇ ಹೇಳಿಬಿಡಬೇಕು ಎನಿಸಿತ್ತು.

ಅಣ್ಣ ಕೈ ಹಿಡಿದ. "ನೀ ಹೇಳಬ್ಯಾಡ. ಇದು ನಾನ ಹೇಳಬೇಕಾದ್ದು. ಹೋಗತೇನಿ. ಆಣಿ ಮಾಡು, ನೀ ಬೀರ್ಯಾಗ ಹೇಳಾಂಗಿಲ್ಲ." ನಾನು ಆಣೆ ಮಾಡಿದೆ.

ಅವನು ಇನ್ನೂ ಹೋಗಿಲ್ಲ. ದಿನವೂ ಕೇಳುತ್ತೇನೆ, ಗಿರಾಕಿ ಇದ್ದರು ಎನ್ನುತ್ತಾನೆ. ನಿನ್ನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಟರಿನ ಬಳಿಯವರೆಗೆ ಹೋಗಿ, ಎಷ್ಟೋ ವರ್ಷ ಸುಳ್ಳು ಎಣಿಕೆ ಮಾಡಿದೆನೆಂದು ಯಾವ ಬಾಯಿಂದ ಹೇಳಲಿ ಎಂದು ವೈನಿಯನ್ನು ಕೇಳಿ ವಾಪಸು ಬಂದನಂತೆ. ಅಣ್ಣನ ಕಾಲು ಎದ್ದು ತಿಕೋಟಾದ ಹಾದಿ ಹಿಡಿಯುವುದು ಯಾವಾಗ ಎಂದು ನನಗೆ ತಿಳಿಯದು. ಇಬ್ಬರಿಗೂ ವಯಸ್ಸು ಕಾಯುವುದಿಲ್ಲ.

ಹಾಗಾಗಿ ಒಂದು ಮಾತು. ಬೀರಣ್ಣನಿಗೆ ಹೇಳುವುದಿಲ್ಲವೆಂದು ನಾನು ಆಣೆ ಮಾಡಿದ್ದೇನೆ, ಮುರಿಯುವುದಿಲ್ಲ. ನಿಮಗೆ ಹೇಳಬಾರದೆಂದು ನನ್ನಿಂದ ಯಾರೂ ಆಣೆ ಮಾಡಿಸಿಕೊಂಡಿಲ್ಲ. ನೀವು ತಿಕೋಟಾದ ಕಡೆ ಹೋಗುವವರಿದ್ದರೆ, ಸ್ಟ್ಯಾಂಡಿನಲ್ಲಿ ಇಳಿದು ದೊಡ್ಡ ಗಂಟಲಿನ ಬೀರಣ್ಣನ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಯಾವುದೆಂದು ಕೇಳಿ. ಅವನು ಚಹಾ ತರಿಸುತ್ತಾನೆ, ಕುಡಿಯಿರಿ. ಆಮೇಲೆ ಮೆಲ್ಲಗೆ ಹೇಳಿ, ಚಂದ್ರ್ಯಾ ಅವತ್ತು ಎಣಿಸಿರಲಿಲ್ಲ, ಮೊದಲ ಒಂದು ಸಲ ಬಿಟ್ಟರೆ ಬೀರಣ್ಣನ ದಂಡನ್ನು ಅವನು ಎಂದೂ ಎಣಿಸುತ್ತಿರಲಿಲ್ಲ ಎಂದು.